ಹಳೆ ಎಕ್ಸ್‌ಟ್ರೂಡರ್ ತಗೊಳ್ಳುವ ಮೊದಲು ಸ್ಕ್ರೂ ಹೊರಗೆ ತೆಗೆಸಿ ನೋಡಿ

ಪಡುಬಿದ್ರಿ ಕಡೆ ಶೆಡ್ ಉಂಟು, ಅಡಿಕೆ ತೋಟದವರಿಗೆ ಎಚ್‌ಡಿಪಿಇ (ಗಟ್ಟಿ ಪಾಲಿಥಿನ್ ಪ್ಲಾಸ್ಟಿಕ್) ಪೈಪ್ ಮಾಡಬೇಕು ಅಂತ ಬರೆದಿದ್ದೀರಿ. ಕೊಯಮತ್ತೂರಿನಲ್ಲಿ 65 ಮಿ.ಮೀ. ಸ್ಕ್ರೂ ಇರುವ ಎಕ್ಸ್‌ಟ್ರೂಡರ್ (ಬ್ಯಾರಲ್ ಅನ್ನುವ ಬಿಸಿ ಕೊಳವೆಯೊಳಗೆ ಸ್ಕ್ರೂ ತಿರುಗಿಸಿ ಪ್ಲಾಸ್ಟಿಕ್ ಕರಗಿಸಿ ತಳ್ಳುವ ಮೆಷಿನ್) ಸೆಕೆಂಡ್ ಹ್ಯಾಂಡ್ ಸಿಕ್ಕಿದೆ, 30 ಎಚ್‌ಪಿ ಮೋಟರ್, ಗಂಟೆಗೆ 150 ಕಿಲೋ ಗ್ಯಾರಂಟಿ ಅಂತ ಮಾರುವವರು ಹೇಳುತ್ತಾರೆ, ತಗೊಳ್ಳಬಹುದಾ ಅನ್ನುವುದು ನಿಮ್ಮ ಪ್ರಶ್ನೆ. ನಾನು ಬೈಕಂಪಾಡಿಯ ಒಂದು ಪೈಪ್ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷ ಲೈನ್ ನಡೆಸಿದವನು. ಮೆಷಿನ್ ನೋಡದೆ ಬೇಡ ಅನ್ನುವುದಿಲ್ಲ. ಆದರೆ ಆ 150 ಮಾತ್ರ ನಂಬಬೇಡಿ ಮಾರಾಯ್ರೇ.

ಲೆಕ್ಕ ಸುಲಭ. ಒಂದು ಕಿಲೋ ಎಚ್‌ಡಿಪಿಇ ಕರಗಿಸಿ ತಳ್ಳಲಿಕ್ಕೆ ಮೋಟರ್ ಒಂದಕ್ಕೇ ಹೆಚ್ಚುಕಡಿಮೆ 0.2ರಿಂದ 0.25 ಯೂನಿಟ್ ಕರೆಂಟ್ ಬೇಕು. 30 ಎಚ್‌ಪಿ ಅಂದರೆ 22 ಕಿಲೋವ್ಯಾಟ್. ಭಾಗಿಸಿ ನೋಡಿ, ಗಂಟೆಗೆ 90ರಿಂದ 110 ಕಿಲೋ. ಅದೂ ಮೋಟರ್ ಪೂರ್ತಿ ಲೋಡಿನಲ್ಲಿ ಓಡಿದರೆ. ಹೀಟರ್ ಇದೆಯಲ್ವಾ, ಅದು ಕರಗಿಸುವುದಿಲ್ವಾ ಅಂತ ಕೇಳಬಹುದು. ಹೀಟರ್ ಕೆಲಸ ಜಾಸ್ತಿ ಇರುವುದು ಶುರುವಿನಲ್ಲಿ. ಲೈನ್ ಓಡಲು ಶುರುವಾದ ಮೇಲೆ ಹೆಚ್ಚಿನ ಬಿಸಿ ಬರುವುದು ಸ್ಕ್ರೂ ಮಾಲನ್ನು ಉಜ್ಜುವುದರಿಂದಲೇ.

ಇನ್ನು ಸ್ಕ್ರೂ ವಿಷಯ. ನಮ್ಮ ಫ್ಯಾಕ್ಟರಿಗೆ ಒಮ್ಮೆ ಇಂಥದ್ದೇ ಹಳೆ ಮೆಷಿನ್ ಬಂತು. ಮದುಮಗನ ಹಾಗೆ ಹಸಿರು ಪೇಂಟ್ ಹೊಡೆದಿದ್ದರು. ಎರಡು ತಿಂಗಳು ಓಡಿಸಿದೆವು. ಆರ್‌ಪಿಎಂ ಏರಿಸುತ್ತಾ ಹೋದರೂ ಪೈಪ್ ಮುಂದೆ ಬರುವ ಸ್ಪೀಡ್ ಮಾತ್ರ ಏರುತ್ತಿರಲಿಲ್ಲ. ಕರಗಿದ ಮಾಲಿನ ಬಿಸಿ ಮಾತ್ರ ಜಾಸ್ತಿ. ಕೊನೆಗೆ ಡೈ (ಪೈಪಿಗೆ ಆಕಾರ ಕೊಡುವ ಮುಂದಿನ ಅಚ್ಚು) ಬಿಚ್ಚಿ ಸ್ಕ್ರೂ ಎಳೆದೆವು. ಬಿಸಿ ಇರುವಾಗಲೇ ಹಿತ್ತಾಳೆ ಬ್ರಶ್ ಹಾಕಿ ಉಜ್ಜಿ, ತಣಿದ ಮೇಲೆ ಮೈಕ್ರೋಮೀಟರ್ ಹಿಡಿದೆ. ಎರಡೂ ತುದಿಯಲ್ಲಿ ಪರವಾಗಿಲ್ಲ. ನಡುವೆ, ಮಾಲು ಒತ್ತಿ ಕರಗುವ ಜಾಗದಲ್ಲಿ, 1.2 ಮಿ.ಮೀ. ಸವೆದು ಹೋಗಿತ್ತು. ಹೊಸ 65ರ ಸ್ಕ್ರೂಗೂ ಬ್ಯಾರಲ್‌ಗೂ ಎರಡೂ ಬದಿ ಸೇರಿ ಸುಮಾರು 0.15 ಮಿ.ಮೀ. ಸಂದು ಇರುತ್ತದೆ ಅಷ್ಟೇ. ಸಂದು ದೊಡ್ಡದಾದರೆ ಕರಗಿದ ಮಾಲು ಫ್ಲೈಟ್ (ಸ್ಕ್ರೂವಿನ ಸುರುಳಿ ಏಣು) ಮೇಲಿಂದ ಹಿಂದಕ್ಕೇ ಜಾರುತ್ತದೆ. ಶ್ಯಾವಿಗೆ ಒತ್ತುವಾಗ ಹಿಟ್ಟು ಕೆಳಗಿನ ತೂತಿನ ಬದಲು ಮೇಲಕ್ಕೇ ಉಕ್ಕಿದರೆ ಕೈ ಎಷ್ಟು ತಿರುಗಿಸಿ ಎಂತ ಪ್ರಯೋಜನ?

ಹಾಗಾಗಿ ಸ್ಕ್ರೂ ಹೊರಗೆ ತೆಗೆಸಿ. ಒಂದು ಗೇಣಿಗೆ ಒಂದರಂತೆ ಅಳತೆ ತಗೊಳ್ಳಿ. ಬ್ಯಾರಲ್ ಒಳಗೆ ಬೋರ್ ಗೇಜ್ ಹಾಕಿಸಿ ಒಳ ಅಳತೆಯೂ ನೋಡಿ. ಸ್ಕ್ರೂ, ಬ್ಯಾರಲ್ ಮೇಲೆ ನೈಟ್ರೈಡ್ ಮಾಡಿದ (ಸವೆಯದಂತೆ ಉಕ್ಕಿನ ಮೈ ಗಟ್ಟಿ ಮಾಡಿದ) ಪದರ ಅರ್ಧ ಮಿ.ಮೀ. ಆಸುಪಾಸು ಮಾತ್ರ, ಅದು ಹೋದ ಮೇಲೆ ಉಳಿದದ್ದು ಬೇಗ ಸವೆಯುತ್ತದೆ. ತೆಗೆಯಲಿಕ್ಕೆ ಟೈಮ್ ಇಲ್ಲ ಅಂತ ಮಾರುವವರು ಅಂದರೆ ಸುಮ್ನೆ ಬಸ್ ಹತ್ತಿ ವಾಪಸ್ ಬನ್ನಿ. ಮೊದಲು ಅದರಲ್ಲಿ ಪಿವಿಸಿ ಓಡಿಸಿದ್ದರಾ ಅಂತಲೂ ಕೇಳಿ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಸಿಡ್ ಹೊಗೆ ಬರುತ್ತದೆ, ಕಬ್ಬಿಣ ತಿಂದು ಗುಳಿ ಬೀಳುತ್ತದೆ.

ಎಂಆರ್‌ಪಿಎಲ್ (ಮಂಗಳೂರಿನ ತೈಲ ಸಂಸ್ಕರಣಾಗಾರ) ಹತ್ತಿರವೇ ಇರುವುದರಿಂದ ಕಚ್ಚಾ ಮಾಲಿಗೆ ಚಿಂತೆ ಇಲ್ಲ ಅಂತಲೂ ಬರೆದಿದ್ದೀರಿ. ಅಲ್ಲಿ ಆಗುವುದು ಪಾಲಿಪ್ರೊಪಿಲೀನ್, ಬೇರೆ ಪ್ಲಾಸ್ಟಿಕ್. ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಘಟಕ ಹೌದು, ಆದರೆ ಅದು ಚೀಲ, ಕುರ್ಚಿ, ಹಗ್ಗದವರ ಮಾಲು. ನಿಮ್ಮ ಪೈಪಿಗೆ ಪಿಇ 80 ಅಥವಾ ಪಿಇ 100 ಅನ್ನುವ ಪೈಪ್ ದರ್ಜೆಯ ಎಚ್‌ಡಿಪಿಇ ಬೇಕು. ಅದು ಹೊರಗಿಂದ ಲಾರಿಯಲ್ಲೇ ಬರಬೇಕು.

ನಮ್ಮ ಊರಿನದ್ದೇ ಎರಡು ತಾಪತ್ರಯ ಹೇಳುತ್ತೇನೆ. ಒಂದು ಮಳೆಗಾಲ. ಎಚ್‌ಡಿಪಿಇ ದಾನಾ (ಕಚ್ಚಾ ಮಾಲಿನ ಕಾಳು) ನೀರು ಕುಡಿಯುವುದಿಲ್ಲ, ಆದರೆ ಕಾರ್ಬನ್ ಬ್ಲ್ಯಾಕ್ ಸೇರಿಸಲಿಕ್ಕೆ ಹಾಕುವ ಕಪ್ಪು ಕಾಳು, ಅಂದರೆ ಮಾಸ್ಟರ್‌ಬ್ಯಾಚ್, ಕುಡಿಯುತ್ತದೆ. ಪೈಪಿನಲ್ಲಿ ಎರಡೂವರೆ ಶೇಕಡ ಕಾರ್ಬನ್ ಬ್ಲ್ಯಾಕ್ ಹಾಕಲೇಬೇಕಲ್ವಾ, ಬಿಸಿಲಿಗೆ ತಡೆಯಲಿಕ್ಕೆ. ಜುಲೈಯಲ್ಲಿ ಒಂದು ರಾತ್ರಿ ಚೀಲ ಬಾಯಿ ತೆರೆದಿಟ್ಟದ್ದಕ್ಕೆ ಮರುದಿನ ಪೈಪ್ ಒಳಗಡೆ ಪೂರ್ತಿ ಗುಳ್ಳೆ, ಮುಟ್ಟಿದರೆ ಹಲಸಿನ ಸಿಪ್ಪೆಯ ಹಾಗೆ. ಮಾಲು ಒಳಗೆ ಹೋಗುವ ಮೊದಲು ಒಣಗಿಸುವ ಹಾಪರ್ ಡ್ರೈಯರ್ ಇಲ್ಲದೆ ಇಲ್ಲಿ ಆಗುವುದಿಲ್ಲ. ಎರಡು, ನೀರು. ಕಡಲ ಹತ್ತಿರದ ಬಾವಿಯಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಅದನ್ನೇ ಪೈಪ್ ತಣಿಸುವ ವ್ಯಾಕ್ಯೂಮ್ ಟ್ಯಾಂಕಿಗೂ ನೀರು ತಂಪು ಮಾಡುವ ಚಿಲ್ಲರ್‌ಗೂ ಬಿಟ್ಟರೆ ನಾಝಲ್, ಪೈಪ್ ಎಲ್ಲ ಕಟ್ಟಿಕೊಳ್ಳುತ್ತದೆ. ನೀರು ಟೆಸ್ಟ್ ಮಾಡಿಸಿಯೇ ನಿಮ್ಮ ಶೆಡ್ಡಿನಲ್ಲಿ ಮೆಷಿನ್ ಕೂರಿಸಿ.

ಕರೆಂಟ್ ಹೋಗುವುದು ನಿಮಗೆ ಗೊತ್ತಿದ್ದದ್ದೇ. ಬಂದ ಕೂಡಲೇ ಮೋಟರ್ ಹಾಕಬಾರದು. ಬ್ಯಾರಲ್ ಒಳಗೆ ಮಾಲು ಗಟ್ಟಿಯಾಗಿರುತ್ತದೆ, ಅವಸರ ಮಾಡಿದರೆ ಸ್ಕ್ರೂ ಮುರಿಯುತ್ತದೆ. ಒಳಗಿನವರೆಗೆ ಬಿಸಿ ಇಳಿಯಲು ಬಿಟ್ಟು ಮೆಲ್ಲ ತಿರುಗಿಸಿ.

ಕೊಯಮತ್ತೂರಿಗೆ ಹೋಗುವಾಗ ನಿಮ್ಮದೇ ದಾನಾ ನಾಲ್ಕು ಚೀಲ ತಗೊಂಡು ಹೋಗಿ. ಅವರದ್ದರಲ್ಲಿ ಓಡಿಸಿ ತೋರಿಸಿದರೆ ಒಪ್ಪಬೇಡಿ. ಲೈನ್ ಒಂದೇ ಸಮನೆ ಓಡಲು ಶುರುವಾದ ಮೇಲೆ ಸರಿಯಾಗಿ ಆರು ನಿಮಿಷದ ಪೈಪ್ ಕತ್ತರಿಸಿ ತೂಗಿ, ಹತ್ತರಿಂದ ಗುಣಿಸಿ, ಗಂಟೆಯ ಲೆಕ್ಕ ಸಿಗುತ್ತದೆ. ಆ್ಯಂಪ್ ಮೀಟರ್ ಮುಳ್ಳು ಹಿಂದೆಮುಂದೆ ಓಡುತ್ತಿದೆಯಾ ನೋಡಿ. ಪೈಪಿನ ಗೋಡೆ ಒಂದೇ ದಪ್ಪ ಉಂಟಾ ಅಂತ ನಾಲ್ಕು ಕಡೆ ವರ್ನಿಯರ್ ಹಾಕಿ ಅಳೆಯಿರಿ. ಅಳತೆಯ ಫೋಟೊ ಇಲ್ಲೇ ಹಾಕಿದರೆ ನಾನೂ ನೋಡುತ್ತೇನೆ.