ತುಟಿ ಊದಿಲ್ಲ, ಊದಿದ ಹಾಗಿದೆ ಅಷ್ಟೆ!

ಪ್ರಶ್ನೆ: ಕೆಳಗಿನ ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ತುಟಿ ಉದ್ದಿನ ವಡೆಯಷ್ಟು ದಪ್ಪ ಆದ ಹಾಗಾಯಿತು. ಕನ್ನಡಿ ನೋಡಿದರೆ ಏನೂ ಆಗಿರಲಿಲ್ಲ! ಮುಟ್ಟಿದ್ದು ಗೊತ್ತಾಗುವುದು ಚರ್ಮಕ್ಕೋ, ಮಿದುಳಿಗೋ?
– ಓದುಗರೊಬ್ಬರು, ತಿಪಟೂರು

ಉತ್ತರ: ವಡೆ ಎಂದಿರಲ್ಲ, ಸರಿಯಾಗಿಯೇ ಹೇಳಿದಿರಿ. ಹೋದ ವರ್ಷ ನನಗೂ ಹೀಗೇ ಆಗಿತ್ತು. ಡಾಕ್ಟರು ಬೇಡವೆಂದರೂ ಕೇಳದೆ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದೆ. ತುಟಿಯಿಂದ ಗಲ್ಲಕ್ಕೆ ಕಾಫಿ ಇಳಿಯುತ್ತಿದ್ದುದು ಗೊತ್ತೇ ಆಗಲಿಲ್ಲ. ಎದೆಗೆ ಬಿಸಿ ತಗುಲಿದಾಗಲೇ ಬೆಚ್ಚಿದ್ದು.

ಸೂಜಿ ಚುಚ್ಚಿದ್ದು ತುಟಿಗಲ್ಲ, ಬಾಯೊಳಗೆ ದವಡೆಯ ಹಿಂದುಗಡೆ, ಅಲ್ವಾ? ಅಲ್ಲಿ ಹಾದುಹೋಗುವ ನರದಲ್ಲಿ ಸುದ್ದಿ ನಿಂತುಹೋಗುತ್ತದೆ. ತುಟಿಯ ಚರ್ಮಕ್ಕೆ ಏನೂ ಆಗಿರುವುದಿಲ್ಲ. ಅದರ ಮಾತು ಮೇಲೆ ತಲುಪುವುದಿಲ್ಲ, ಅಷ್ಟೆ.

ಮೇಲೆ ಎಂದರೆ ಮಿದುಳಿನ ಹೊರಪದರದಲ್ಲಿರುವ ಒಂದು ಪಟ್ಟಿ. ಮಾಂಟ್ರಿಯಲ್‌ನ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಿದ್ದ ರೋಗಿಗಳಲ್ಲಿ ಈ ಪಟ್ಟಿಗೆ ಸಣ್ಣ ಕರೆಂಟ್ ಕೊಟ್ಟು ನೋಡುತ್ತಿದ್ದರು. (ಹೆದರಬೇಡಿ, ಮಿದುಳನ್ನು ಮುಟ್ಟಿದರೆ ನೋವಾಗಲ್ಲ.) ಒಂದು ಕಡೆ ಕೊಟ್ಟರೆ ತುಟಿ ಜುಮ್ಮೆನ್ನುತ್ತಿತ್ತು, ಇನ್ನೊಂದು ಕಡೆ ಕೊಟ್ಟರೆ ಹೆಬ್ಬೆರಳು. ತುಟಿಯನ್ನು ಯಾರೂ ಮುಟ್ಟಿರಲೇ ಇಲ್ಲ! 1937ರಲ್ಲಿ ಅವರು ಪ್ರಕಟಿಸಿದ ನಕ್ಷೆಯಲ್ಲಿ ತುಟಿಗೆ, ಬೆರಳಿಗೆ ಭಾರಿ ಜಾಗ. ಅಷ್ಟಗಲದ ಬೆನ್ನಿಗೆ ಚೂರೇ ಚೂರು.

ಮನೆಯಲ್ಲೇ ನೋಡಬಹುದು. ಎರಡು ಪೊರಕೆ ಕಡ್ಡಿಗಳನ್ನು ಅರ್ಧ ಸೆಂಟಿಮೀಟರ್ ಅಂತರದಲ್ಲಿ ಹಿಡಿದು ಬೆರಳ ತುದಿಗೆ ಒಟ್ಟಿಗೇ ತಾಗಿಸಿ. ಎರಡು ಎಂದು ತಿಳಿಯುತ್ತದೆ. ಅದನ್ನೇ ಬೇರೆಯವರಿಂದ ಬೆನ್ನಿಗೆ ಒತ್ತಿಸಿಕೊಳ್ಳಿ, ಒಂದೇ ಅನಿಸುತ್ತದೆ. ನನ್ನ ಮೊಮ್ಮಗಳು ನನ್ನ ಬೆನ್ನಿನ ಮೇಲೆ ಮೂರು ಕಡ್ಡಿ ಇಟ್ಟು, ನಾನು ಒಂದು ಎಂದಾಗ ಬಿದ್ದು ಬಿದ್ದು ನಕ್ಕಳು.

ಇನ್ನು ವಡೆ. ಸುದ್ದಿ ನಿಂತಿತೆಂದು ಮಿದುಳಿನ ಪಟ್ಟಿಯಲ್ಲಿ ತುಟಿಗಿರುವ ಜಾಗ ಅಳಿಸಿಹೋಗುವುದಿಲ್ಲ. ದಿನವೂ ಬರುತ್ತಿದ್ದ ಸುದ್ದಿ ತಪ್ಪಿದಾಗ ಅದು ಅಕ್ಕಪಕ್ಕದ ಸುದ್ದಿಗೂ ಕಿವಿಗೊಡುತ್ತದೆ, ಅದಕ್ಕೇ ಹಿಗ್ಗಿದ ಹಾಗೆ ತೋರುತ್ತದೆ ಎಂಬುದು ಒಂದು ವಿವರಣೆ. ಹೆಬ್ಬೆರಳನ್ನು ಮರಗಟ್ಟಿಸಿದಾಗಲೂ ಅದು ದೊಡ್ಡದಾದಂತೆ ಜನರಿಗೆ ಅನಿಸಿದ್ದು ಪ್ರಯೋಗದಲ್ಲಿ ಕಂಡಿದೆ.

ಆದರೆ ಸುದ್ದಿ ತಲುಪಿದ ಮಾತ್ರಕ್ಕೆ ಅರಿವಾಗುವುದಿಲ್ಲ. ಕೈ ಮುಟ್ಟಿದ ಸುದ್ದಿ ಮಿದುಳಿಗೆ ಹೋಗಲು ಸೆಕೆಂಡಿನ ಸುಮಾರು 50ನೇ ಒಂದು ಭಾಗ ಸಾಕು. ಆದರೆ ಸ್ಯಾನ್‌ ಫ್ರಾನ್ಸಿಸ್ಕೋದ ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಅದೇ ಪಟ್ಟಿಗೆ ತೀರಾ ಸಣ್ಣ ಕರೆಂಟ್ ಕೊಟ್ಟಾಗ, ಸುಮಾರು ಅರ್ಧ ಸೆಕೆಂಡು ಬಿಡದೆ ಕೊಟ್ಟರೇನೇ ರೋಗಿಗಳು ‘ಗೊತ್ತಾಯಿತು’ ಎನ್ನುತ್ತಿದ್ದರು. ನಿಮ್ಮ ಅಂಗಿಯ ಕಾಲರ್ ಕುತ್ತಿಗೆಗೆ ತಾಗುತ್ತಲೇ ಇದೆ. ಈಗ ನಾನು ಹೇಳಿದ ಮೇಲೆ ತಾನೆ ಗೊತ್ತಾಗಿದ್ದು?

ಅಂದ ಹಾಗೆ, ಇನ್ನೊಂದು ಹಲ್ಲು ಕೀಳಿಸುವುದಿದ್ದರೆ ಜೋಮು ಪೂರ್ತಿ ಇಳಿಯುವ ತನಕ ಬಿಸಿ ಕಾಫಿ ಬೇಡ, ಅಗಿಯುವುದೂ ಬೇಡ. ತುಟಿ ಕಚ್ಚಿಕೊಂಡರೂ ಆಗ ತಿಳಿಯುವುದಿಲ್ಲ, ಸಂಜೆ ತಿಳಿಯುತ್ತದೆ.