ಮೀಟರ್ ಓದುವ ಕೆಲಸ ಮಗನಿಗೇ ಕೊಡಿ

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಓದುಗರೇ,

ನಿಮ್ಮ ಪತ್ರದ ಸಾರ ಇಷ್ಟು. ಒಂಬತ್ತು ವರ್ಷದ ಮಗ ಶಾಲೆಯಲ್ಲಿ ಪರಿಸರದ ಬಗ್ಗೆ ಪ್ರಬಂಧ ಬರೆದು ಬಹುಮಾನ ತಂದಿದ್ದಾನೆ. ಅದೇ ಹುಡುಗ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುತ್ತಾನೆ, ತಿಂಡಿಯ ಕವರನ್ನು ಕಿಟಕಿಯಿಂದ ಆಚೆ ಎಸೆಯುತ್ತಾನೆ, ಬೈದರೆ ಅಳುತ್ತಾನೆ. ಹಿಮ ಕರಗುವ ವಿಡಿಯೊ ನೋಡಿದ ಮೇಲಂತೂ ‘ನಾನು ದೊಡ್ಡವನಾಗೋ ಹೊತ್ತಿಗೆ ಭೂಮಿ ಇರುತ್ತಾ?’ ಎಂದು ಮಲಗುವ ಮುಂಚೆ ಕೇಳುತ್ತಾನೆ. ನಿಮಗೆ ತೋಟವಿಲ್ಲ, ಇಬ್ಬರೂ ಕೆಲಸಕ್ಕೆ ಹೋಗುವವರು, ಸಿಗುವುದು ವಾರದ ರಜೆ ಮಾತ್ರ. ಮನೆಯವರೆಲ್ಲ ಸೇರಿ ಏನು ಮಾಡಬಹುದು, ಹೆದರಿಸದೆ ಹೇಗೆ ಹೇಳುವುದು, ಒಳ್ಳೆಯ ಕೆಲಸಕ್ಕೆ ಸ್ಟಿಕ್ಕರ್ ಕೊಡಬಹುದಾ ಎಂದು ಕೇಳಿದ್ದೀರಿ.

ಹುಡುಗನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಪ್ರಬಂಧದ ಪರಿಸರ ಅವನಿಗೆ ಎಲ್ಲೋ ದೂರದ್ದು. ಕಾಡು, ಹಿಮ, ಕರಡಿ. ಮನೆಯ ನಲ್ಲಿಗೂ ಅದಕ್ಕೂ ಏನು ನಂಟು ಅಂತ ಅವನು ಇನ್ನೂ ಕಣ್ಣಾರೆ ಕಂಡಿಲ್ಲ, ಅದನ್ನು ಬೈದು ಕಾಣಿಸಲು ಆಗುವುದಿಲ್ಲ. ಅವನಿಗೆ ಮನೆಯಲ್ಲಿ ಒಂದು ನಿಜವಾದ ಜವಾಬ್ದಾರಿ ಕೊಡಿ, ಅವನು ಕಂಡುಹಿಡಿದದ್ದಕ್ಕೆ ತಕ್ಕಂತೆ ನೀವೂ ಬದಲಾಗಿ. ನಾನು ಮುಖ್ಯವಾಗಿ ಹೇಳುವುದು ಇದನ್ನೇ.

ಕರೆಂಟ್ ಮೀಟರಿನಿಂದ ಶುರು ಮಾಡಬಹುದು. ಪ್ರತಿ ರಜೆಯ ದಿನ ಒಂದೇ ಹೊತ್ತಿಗೆ ಅವನು ಮೀಟರ್ ಓದಿ ಪುಸ್ತಕದಲ್ಲಿ ಬರೆಯಲಿ, ಹೋದ ವಾರದ ಅಂಕಿಯನ್ನು ಕಳೆಯಲಿ. ಒಂದು ಯೂನಿಟ್ ಅಂದರೆ 1000 ವಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಖರ್ಚಾಗುವ ಕರೆಂಟು, ಇಷ್ಟು ಹೇಳಿಕೊಟ್ಟರೆ ಸಾಕು, ಮಿಕ್ಕ ಲೆಕ್ಕ ಅವನೇ ಹಾಕುತ್ತಾನೆ. 9 ವಾಟ್‌ನ ಎಲ್‌ಇಡಿ ಬಲ್ಬ್ ಒಂದು ಯೂನಿಟ್ ಮುಗಿಸಬೇಕಾದರೆ ಸುಮಾರು 111 ಗಂಟೆ ಉರಿಯಬೇಕು. 2000 ವಾಟ್‌ನ ಗೀಸರ್ ನೀರು ಕಾಯಿಸುತ್ತಾ ಅರ್ಧ ಗಂಟೆಯಲ್ಲಿ ಅಷ್ಟನ್ನು ಮುಗಿಸುತ್ತದೆ. ಇದು ಗೊತ್ತಾದ ದಿನ ಅವನು ನೇರವಾಗಿ ನಿಮ್ಮ ಹತ್ತಿರ ಬರುತ್ತಾನೆ, ‘ಲೈಟ್ ಆರಿಸು ಅಂತ ನನಗೇ ಹೇಳ್ತೀರಲ್ಲ, ನಿಮ್ಮ ಬಿಸಿನೀರು?’ ಅನ್ನುತ್ತಾನೆ. ಆಗ ಸಿಟ್ಟಾಗಬೇಡಿ ದಯವಿಟ್ಟು. ಆ ವಾರ ಗೀಸರ್ ಹಾಕುವ ಸಮಯ ಕಡಿಮೆ ಮಾಡಿ, ಮುಂದಿನ ವಾರದ ಅಂಕಿ ಅವನೇ ನೋಡಲಿ. ತನ್ನ ಮಾತಿನಿಂದ ಮನೆಯಲ್ಲಿ ಒಂದು ಬದಲಾವಣೆ ಆಯಿತು ಎಂದು ಕಂಡ ಮಗುವಿಗೆ ಹತ್ತು ಸಲ ಹೇಳುವ ಅಗತ್ಯ ಬೀಳುವುದಿಲ್ಲ.

ನೀರಿಗೂ ಹೀಗೇ. ತೊಟ್ಟಿಕ್ಕುವ ನಲ್ಲಿ ಇದ್ದರೆ ಕೆಳಗೆ ಹತ್ತು ನಿಮಿಷ ಲೋಟ ಇಡಿ, ಬಿದ್ದ ನೀರನ್ನು ಅಳೆದು 144ರಿಂದ ಗುಣಿಸಿದರೆ ದಿನದ ಲೆಕ್ಕ ಸಿಗುತ್ತದೆ. ಸೆಕೆಂಡಿಗೆ ಒಂದೇ ಹನಿ ಬಿದ್ದರೂ ದಿನಕ್ಕೆ 20 ಲೀಟರ್ ದಾಟುತ್ತದೆ. ಹಲ್ಲುಜ್ಜುವಾಗ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟುಬಿಡಿ, ಮಾತೇ ಬೇಡ. ಎಸೆದ ಕವರಿಗಂತೂ ಒಂದೇ ದಾರಿ, ಅವನ ಜೊತೆ ನೀವೂ ಇಳಿದು ಹೋಗಿ ಎತ್ತಿಕೊಂಡು ಬನ್ನಿ, ಅಲ್ಲಿ ಭಾಷಣ ಮಾಡಬೇಡಿ.

ಇದೆಲ್ಲ ಲೆಕ್ಕದ ಮಾತಾಯಿತು. ಬರೀ ಲೆಕ್ಕದಿಂದ ಪ್ರೀತಿ ಹುಟ್ಟುವುದಿಲ್ಲ ಅಲ್ವಾ? ತೋಟ ಇಲ್ಲದಿದ್ದರೂ ಬಿಸಿಲು ಬೀಳುವ ಒಂದು ಮೂಲೆ ಇದ್ದರೆ ಕುಂಡದಲ್ಲಿ ನಿಂಬೆ ಗಿಡ ಇಡಿ. ಔಷಧಿ ಹೊಡೆದ ಗಿಡ ತರಬೇಡಿ, ಅದರ ಎಲೆ ತಿಂದರೆ ಚಿಟ್ಟೆಯ ಮರಿಹುಳು ಸಾಯುತ್ತದೆ. ನಿಂಬೆ ಜಾತಿಯ ಗಿಡಗಳ ಮೇಲೆ ಮೊಟ್ಟೆಯಿಡುವ ದೊಡ್ಡ ಚಿಟ್ಟೆಗಳು ಹಲವು ದೇಶಗಳಲ್ಲಿವೆ. ಅವುಗಳ ಮರಿಹುಳು ಚಿಕ್ಕದಿದ್ದಾಗ ಥೇಟ್ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಹಕ್ಕಿ ಅದನ್ನು ಬಿಟ್ಟುಬಿಡಲಿ ಅಂತ ಆ ವೇಷ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಚಾಚಿ ವಾಸನೆ ಬಿಡುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು ಬೇಕು, ಚಳಿಯಿದ್ದರೆ ಇನ್ನೂ ಜಾಸ್ತಿ. ಎಲೆ ತೂತಾದರೆ ಗಿಡ ಹಾಳಾಯಿತು ಅನ್ನಬೇಡಿ, ಅದಕ್ಕೇ ತಾನೇ ಗಿಡ ಇಟ್ಟದ್ದು! ಚಿಟ್ಟೆ ಬಾರದೆಯೂ ಇರಬಹುದು. ಕಾಯುವುದನ್ನೂ ಅವನು ಕಲಿಯಲಿ, ಜೊತೆಗೆ ನೀವೂ ಕುಳಿತು ನೋಡಿ, ಫೋನ್ ಒಳಗಿರಲಿ.

ಜೊತೆಗೆ ಕೂರುವುದು ಎಂದು ಒತ್ತಿ ಹೇಳಲು ಕಾರಣವಿದೆ. ಲೂಯಿಸ್ ಚಾವ್ಲಾ ಎಂಬ ಸಂಶೋಧಕಿ 1990ರ ದಶಕದಲ್ಲಿ ನಾರ್ವೆ ಮತ್ತು ಅಮೆರಿಕದ ಕೆಂಟಕಿಯ ಪರಿಸರ ಹೋರಾಟಗಾರರನ್ನು ಮಾತಾಡಿಸಿ, ನಿಮ್ಮನ್ನು ಈ ದಾರಿಗೆ ತಂದದ್ದು ಏನು ಎಂದು ಕೇಳಿದರು. ಎಲ್ಲಕ್ಕಿಂತ ಹೆಚ್ಚಾಗಿ ಬಂದ ಉತ್ತರ ಎರಡು. ಒಂದು, ಪ್ರಕೃತಿಯ ನಡುವೆ ಕಳೆದ ಸಮಯ. ಇನ್ನೊಂದು, ಮನೆಯವರು.

ಇನ್ನು ಅವನ ರಾತ್ರಿಯ ಪ್ರಶ್ನೆ. ‘ಏನೂ ಆಗಲ್ಲ ಮಲಗು’ ಎನ್ನಬೇಡಿ, ಅದು ನಿಜವಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ಭೂಮಿ ಇರುತ್ತದೆ, ಬಿಸಿ ಏರುತ್ತಿರುವುದೂ ನಿಜ, ಅದನ್ನು ತಡೆಯಲು ತುಂಬಾ ಜನ ಕೆಲಸ ಮಾಡುತ್ತಿದ್ದಾರೆ ಎನ್ನಿ. ಓಝೋನ್ ಕತೆಯನ್ನೂ ಹೇಳಿ. ಫ್ರಿಜ್ ಮತ್ತು ಸ್ಪ್ರೇಗಳಲ್ಲಿ ಬಳಸುತ್ತಿದ್ದ ಅನಿಲಗಳಿಂದ, ಸೂರ್ಯನ ಹಾನಿಕರ ಕಿರಣಗಳನ್ನು ತಡೆಯುವ ಓಝೋನ್ ಪದರ ತೆಳುವಾಗುತ್ತಿತ್ತು. ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ವಿಷಯ 1985ರಲ್ಲಿ ಪ್ರಕಟವಾಯಿತು, 1987ರಲ್ಲೇ ಆ ಅನಿಲಗಳ ಬಳಕೆಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು, ಮುಂದೆ ಎಲ್ಲ ದೇಶಗಳೂ ಅದಕ್ಕೆ ಸೇರಿದವು. ಈಗ ಆ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ದೊಡ್ಡವರು ಒಮ್ಮೆ ಸರಿ ಮಾಡಿದ್ದಾರೆ ಎಂದು ತಿಳಿದರೆ ಮಗುವಿಗೆ ನಿಜಕ್ಕೂ ಧೈರ್ಯ ಬರುತ್ತದೆ. ಆ ವಿಡಿಯೊಗಳನ್ನು ಸದ್ಯಕ್ಕೆ ಅವನೊಬ್ಬನೇ ನೋಡುವುದು ಬೇಡ.

ಸ್ಟಿಕ್ಕರ್ ಕೊಡಬೇಡಿ ಎಂದೇ ನನ್ನ ಸಲಹೆ. ಸ್ಟಿಕ್ಕರ್ ನಿಂತ ದಿನ ಕೆಲಸವೂ ನಿಲ್ಲಬಹುದು. ಅದರ ಬದಲು ಮನೆಯ ತೀರ್ಮಾನಗಳಲ್ಲಿ ಅವನಿಗೊಂದು ಪಾಲು ಕೊಡಿ. ಮುಂದಿನ ಸಲ ಫ್ಯಾನೋ ಫ್ರಿಜ್ಜೋ ಕೊಳ್ಳಲು ಹೋದಾಗ ಅವನನ್ನೂ ಕರೆದುಕೊಂಡು ಹೋಗಿ, ಎಷ್ಟು ಕರೆಂಟು ತಿನ್ನುತ್ತದೆ ಎಂದು ಅವನೇ ಓದಿ ಹೇಳಲಿ, ಅವನು ಬೇಡ ಅಂದದ್ದಕ್ಕೆ ಕಾರಣ ಸರಿಯಿದ್ದರೆ ಅದನ್ನು ಬಿಟ್ಟು ಬನ್ನಿ.