ಸೋವಿನೂ ಇರಬೇಕು, ಸುದ್ದನೂ ಇರಬೇಕು: ನಾಯಿ ತಿನಸಿನ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ್ರಿ. ನಮ್ಮನ್ಯಾಗ ಒಂದು ನಾಟಿ ನಾಯಿ ಅದ, ಎರಡು ವರ್ಷದ್ದು, ತೂಕ 10 ಕಿಲೋ. ಊಟ ಎಲ್ಲಾ ಮನಿದೇ, ಅನ್ನ, ಮೊಸರು, ಜ್ವಾಳದ ರೊಟ್ಟಿ, ಐತವಾರ ಒಂದಿಷ್ಟು ಚಿಕನ್. ಈಗ ನಮ್ಮ ಮಗ ಅದಕ್ಕ ಕೂಡು, ನಿಲ್ಲು, ಕೈ ಕೊಡು ಅಂತ ಕಲಸಾಕತ್ತಾನ, ಅದಕ್ಕಂತ ಪೆಟ್ ಶಾಪ್‌ನಿಂದ ಟ್ರೀಟ್ ತರ್ತೀವಿ, 100 ರೂಪಾಯಿ ಕೊಟ್ಟು ತಂದ ಪ್ಯಾಕೆಟ್ ಎರಡು ದಿನ ಸೈತ ಬರಂಗಿಲ್ಲ. ತಿಂಗಳಿಗೆ 300 ರೂಪಾಯಿಕಿಂತ ಹೆಚ್ಚು ನಮ್ಮ ಕೈಲೆ ಆಗಂಗಿಲ್ರಿ. ಸೋವಿ ಇದ್ದದ್ದು ಯಾವುದು ತಗೋಬೇಕು? ಸೋವಿ ಅಂದ್ರ ಕೆಟ್ಟದ್ದೇ ಇರ್ತದೇನು?
– ಓದುಗರು, ರಾಯಚೂರು

ಉತ್ತರ: ಸೋವಿ ಅಂದ್ರ ಕೆಟ್ಟದ್ದು ಅಂತೇನಿಲ್ರಿ, ತುಟ್ಟಿದೆಲ್ಲಾ ಒಳ್ಳೇದೂ ಅಲ್ಲ. ಆದ್ರ ಯಾವ ಪ್ಯಾಕೆಟ್ ಅಂತ ಹೇಳೂಕಿಂತ ಮೊದಲು ನಾ ಒಂದು ಕೇಳ್ತೀನಿ, ನಿಮ್ಮ ಹುಡುಗ ಒಂದು ಸಲಕ್ಕ ಎಷ್ಟು ಕೊಡ್ತಾನ? ಪೂರ್ತಿ ಒಂದು ಸ್ಟಿಕ್ ಕೊಡ್ತಿರಬೇಕು, ಅದಕ್ಕೇ ಎರಡು ದಿನಕ್ಕ ಖಾಲಿ. ನಾಯಿಗೆ ಟ್ರೀಟ್ ಅಂದ್ರ ಶಾಬಾಸ್ ಅಂದಂಗ ನೋಡ್ರಿ. ಎಷ್ಟು ದೊಡ್ಡದು ಅಂತ ಅದು ನೋಡಂಗಿಲ್ಲ, ಸಿಕ್ತಾ ಇಲ್ಲಾ ಅಷ್ಟೇ, ಮತ್ತ ಎಷ್ಟು ಸಲ ಸಿಕ್ತು. ಒಂದು ಸ್ಟಿಕ್ ಒಮ್ಮೆ ಕೊಡೂ ಬದಲಿ ಅದನ್ನ ಕತ್ತರಿಲೆ ಬಟಾಣಿ ಕಾಳಿನಷ್ಟು ಕತ್ತರಿಸಿ ಹತ್ತು ಸಲ ಕೊಟ್ರ ನಾಯಿ ಹತ್ತು ಸಲ ಖುಷಿ ಆಗ್ತದ, ಕಲಿಯೂದೂ ಲಗೂನ ಆಗ್ತದ. ಈ ಒಂದು ಕೆಲಸದಾಗ ನಿಮ್ಮ ಅರ್ಧ ರೊಕ್ಕ ಉಳೀತದ, ನಾ ಖರೇನ ಹೇಳಾಕತ್ತೀನಿ.

ಇನ್ನೊಂದು ಲೆಕ್ಕ. 10 ಕಿಲೋ ತೂಕದ, ಪೂರ್ತಿ ಬೆಳದ ನಾಯಿಗೆ ದಿನಕ್ಕ ಸುಮಾರು 600 ಕ್ಯಾಲರಿ ಸಾಕು, ಆಟ ಓಟ ಜಾಸ್ತಿ ಇದ್ರ ಒಂದೀಟು ಹೆಚ್ಚು. ಅದರಾಗ ಹತ್ತರಾಗ ಒಂದು ಪಾಲು, ಅಂದ್ರ 60 ಕ್ಯಾಲರಿ ಅಷ್ಟೇ ಟ್ರೀಟ್‌ನಿಂದ ಬರಬೇಕು, ದನದ ದವಾಖಾನಿ ಡಾಕ್ಟ್ರು ಎಲ್ಲಾರೂ ಇದನ್ನೇ ಹೇಳ್ತಾರ. ನಾವು ಚಾದ ಜೋಡಿ ತಿನ್ನೂ ಗ್ಲುಕೋಸ್ ಬಿಸ್ಕಿಟ್ ಅದಲ್ಲ, ಒಂದಕ್ಕ ಹತ್ರಹತ್ರ 20 ಕ್ಯಾಲರಿ. ಮೂರು ಬಿಸ್ಕಿಟ್ ತಿಂದ್ರ ಅವತ್ತಿನ ಪಾಲು ಮುಗೀತು! ಮತ್ತ ಅದರಾಗ ಇರೂದು ಹೆಚ್ಚಾಗಿ ಮೈದಾ, ಸಕ್ರಿ, ಎಣ್ಣಿನೇ. ಐದು ರೂಪಾಯಿಗೆ ಸಿಗ್ತದ ಅಂತ ನಮ್ಮ ಕಡೆ ಪ್ರತಿ ಮನ್ಯಾಗ ನಾಯಿಗೆ ಅದನ್ನೇ ಹಾಕ್ತಾರ, ಒಂದೆರಡು ತಿಂದ್ರ ಸಾಯಂಗಿಲ್ಲ ಖರೆ, ಆದ್ರ ದಿನಾ ಪ್ಯಾಕೆಟ್‌ಗಟ್ಲೆ ಹಾಕಿ ಹಾಕಿ ನಾಯಿ ದಪ್ಪ ಆಗಿ ಕಾಲು ನೋವು ಬಂದು ಮೆಟ್ಲ ಹತ್ತಲಾರದಂಗ ಆಗಿದ್ದು ನೋಡೀನಿ, ಆಗ ಗುಳಿಗಿಗೆ ಹೋಗೂ ರೊಕ್ಕದಾಗ ವರ್ಷ ಪೂರ್ತಿ ಒಳ್ಳೆ ಟ್ರೀಟ್ ಬರ್ತಿತ್ತು.

ಈಗ ಅಂಗಡಿಗೆ ಹೋಗೋಣ್ರಿ. ಅಲ್ಲಿ ಪೆಡಿಗ್ರೀ, ಡ್ರೂಲ್ಸ್, ಜೆರ್‌ಹೈ ಅಂತ ಸಾಲಾಗಿ ನೇತು ಹಾಕಿರ್ತಾರ, ಎಲ್ಲಾದರ ಮ್ಯಾಲೂ ನಾಯಿ ನಗತಿರ್ತದ. ನೀವು ಮುಂದಿನ ಚಿತ್ರ ನೋಡಬ್ಯಾಡ್ರಿ, ಪ್ಯಾಕೆಟ್ ತಿರುವ್ರಿ. ಮೊದಲು ಗ್ರಾಂ ನೋಡ್ರಿ. 70 ಗ್ರಾಂ ಪ್ಯಾಕೆಟ್ 100 ರೂಪಾಯಿ ಅಂದ್ರ ಕಿಲೋಕ್ಕ 1,400 ದಾಟ್ತು. ಪಕ್ಕದಾಗ 500 ಗ್ರಾಂ ಬಿಸ್ಕಿಟ್ ಡಬ್ಬಿ 200 ರೂಪಾಯಿ ಇತ್ತಂದ್ರ ಅದು ಕಿಲೋಕ್ಕ 400. ಡಬ್ಬಿ ತುಟ್ಟಿ ಅನಸ್ತದ ಆದ್ರ ಅದೇ ಸೋವಿ. ಇನ್ನೊಂದು, ಮೆತ್ತಗಿನ ಸ್ಟಿಕ್‌ನ್ಯಾಗ ನೀರಿನ ಅಂಶ ಬಿಸ್ಕಿಟ್‌ಗಿಂತ ಭಾಳ ಜಾಸ್ತಿ ಇರ್ತದ, ಪ್ಯಾಕೆಟ್ ಮ್ಯಾಲ ಮಾಯಿಶ್ಚರ್ ಅಂತ ಇಷ್ಟು ಪರ್ಸೆಂಟ್ ಬರ್ದಿರ್ತಾರ, ಅಂದ್ರ ಅಷ್ಟು ರೊಕ್ಕ ನೀವು ನೀರಿಗೆ ಕೊಟ್ಟಂಗ.

ಆಮ್ಯಾಲ ಏನೇನು ಹಾಕ್ಯಾರ ಅನ್ನೂ ಪಟ್ಟಿ. ಜಾಸ್ತಿ ಇದ್ದದ್ದು ಮೊದಲು ಬರೀತಾರ, ಕಮ್ಮಿ ಇದ್ದದ್ದು ಕಡೀಕ. ಮುಂದ ದೊಡ್ಡಕ್ಷರದಾಗ ಚಿಕನ್ ಅಂತ ಹಾಕಿ ಹಿಂದ ಪಟ್ಟಿದಾಗ ಮೊದಲು ಗೋದಿ ಹಿಟ್ಟು, ಆಮ್ಯಾಲ ಸಕ್ರಿ, ಎಲ್ಲೋ ಕಡೀಕ ಚಿಕನ್ ಫ್ಲೇವರ್ ಅಂತ ಇತ್ತಂದ್ರ ಅದು ಚಿಕನ್ ಅಲ್ಲ, ವಾಸನಿ ಅಷ್ಟೇ. ಹಿಟ್ಟಿನ ಬಿಸ್ಕಿಟ್ ತಗೋಬಾರದು ಅಂತ ನಾ ಹೇಳಂಗಿಲ್ಲ, ಹಿಟ್ಟಿಗೆ ಹಿಟ್ಟಿನ ರೇಟು ಕೊಡ್ರಿ, ಚಿಕನ್ ರೇಟು ಕೊಡಬ್ಯಾಡ್ರಿ. ಕೆಂಪು ಹಸಿರು ಬಣ್ಣದ ಎಲುಬಿನಾಕಾರದ ಬಿಸ್ಕಿಟ್ ಬರ್ತಾವಲ್ಲ, ನಾಯಿ ಕಣ್ಣಿಗೆ ಕೆಂಪು ಯಾವುದು ಹಸಿರು ಯಾವುದು ಅಂತ ಬ್ಯಾರೆಬ್ಯಾರೆ ಗೊತ್ತಾಗಂಗಿಲ್ರಿ, ಹಳದಿ ನೀಲಿ ಮಾತ್ರ ಅದಕ್ಕ ಚೊಲೊ ಕಾಣ್ತಾವ. ಆ ಬಣ್ಣ ಹಾಕಿದ್ದು ನಮ್ಮ ಸಲುವಾಗಿ. ನಾಯಿ ಮೂಗಿಂದ ತಿಂತದ.

ಕಡೀಕ ಡೇಟು. ಇದನ್ನ ನಾ ಭಾಳ ನೋವಿನಿಂದ ಹೇಳ್ತೀನಿ. ಒಂದು ಬ್ಯಾಸಿಗಿದಾಗ, ಮೇ ತಿಂಗಳು, ಒಂದು ಅಂಗಡ್ಯಾಗ ಆಫರ್ ಅಂತ ಅರ್ಧ ರೇಟಿಗೆ ಚಿಕನ್ ಸ್ಟಿಕ್ ಸಿಕ್ಕವು, ನಾ ಡೇಟ್ ನೋಡಲಿಲ್ಲ, ನಾಲ್ಕು ಪ್ಯಾಕೆಟ್ ತಂದೆ. ಒಡೆದಾಗ ಹಳೇ ಎಣ್ಣಿದ ಕಮಟು ವಾಸನಿ ಬಂತು, ಹಿಂಗೇ ಇರ್ತಾವೇನೋ ಅಂದ್ಕೊಂಡು ಕೊಟ್ಟೆ. ನಮ್ಮ ಕರಿಯಾ ರಾತ್ರಿಯೆಲ್ಲಾ ವಾಂತಿ, ಮರುದಿನ ಭೇದಿ, ಎರಡು ದಿನ ಸಲಾಯಿನ್ ಏರಿಸಿದ್ವಿ. ಅದು ಉಳೀತು, ಪುಣ್ಯ. ಆದ್ರ ಸಲಾಯಿನ್ ಏರೂ ಮುಂದ ಅದು ನನ್ನ ಕಡೆ ನೋಡಿದ್ದು ಇವತ್ತಿಗೂ ಕಣ್ಣಾಗ ಅದ. ನಮ್ಮ ರಾಯಚೂರು ಬಿಸಲು ನಿಮಗ ಗೊತ್ತದ, 40 ಡಿಗ್ರಿ ದಾಟ್ತದ, ತಗಡಿನ ಅಂಗಡ್ಯಾಗ ಇನ್ನೂ ಜಾಸ್ತಿ. ಕೊಬ್ಬು ಇದ್ದ ತಿನಸು ಆ ಕಾವಿಗೆ ಡೇಟ್ ಮುಗಿಯೂ ಮೊದಲೇ ಕಮಟು ಆಗ್ತದ, ಅದಕ್ಕ ಡೇಟ್ ಒಂದೇ ಅಲ್ಲ, ಮೂಗನ್ನೂ ನಂಬ್ರಿ. ಬಾಗಿಲದಾಗ ಬಿಸಲಿಗೆ ನೇತು ಹಾಕಿದ ಪ್ಯಾಕೆಟ್ ತಗೋಬ್ಯಾಡ್ರಿ, ಒಳಗಿನ ಕಪಾಟಿನ್ಯಾಗಿಂದು ಕೊಡ್ರಿ ಅಂತ ಕೇಳ್ರಿ, ನಾಚ್ಕಿ ಏನಿಲ್ಲ. ಚೀಲ ಬಾಯಿ ತೆರೆದಿಟ್ಟು ಲೂಸ್ ಮಾರ್ತಾರಲ್ಲ, ಅದು ಕಿಲೋಕ್ಕ 50 ರೂಪಾಯಿ ಕಮ್ಮಿ ಇದ್ರೂ ಬ್ಯಾಡ, ಅದಕ್ಕ ಡೇಟೇ ಇಲ್ಲ, ಯಾವ ಕಂಪನಿ ಅಂತ ಅಂಗಡಿಯವ ಬಾಯಿಲೆ ಹೇಳಿದ್ದೇ ಗತಿ. ಹಸಿ ಹತ್ತಿ ಬೂಜು ಬಂದ್ರ ಅದರಾಗಿನ ವಿಷ ನಾಯಿ ಲಿವರ್ ಕೆಡಸ್ತದ.

ಈಗ ನಿಮ್ಮ 300 ರೂಪಾಯಿ ಹಿಂಗ ಮಾಡ್ರಿ. ನಿಮ್ಮ ನಾಯಿ ಮನಿ ಊಟ ತಿಂತದ ಅಂದ್ರಿ, ಒಳ್ಳೇದಾತು, ಯಾಕಂದ್ರ ಅದಕ್ಕ ಡಾಗ್ ಫುಡ್ ಕಾಳು ಅಂದ್ರನೇ ಹೊಸಾ ರುಚಿ. ಮರಿಗಲ್ಲ, ಪೂರ್ತಿ ಬೆಳದ ನಾಯಿಗೆ ಅಂತ ಇರೂ ಸಾದಾ ಡಾಗ್ ಫುಡ್ಡಿನ ಸಣ್ಣ ಪ್ಯಾಕೆಟ್ ಒಂದು ತರ್ರಿ, ಅದೇ ನಿಮ್ಮ ಟ್ರೀಟ್. ದಿನಕ್ಕ ಒಂದು ಸಣ್ಣ ಮುಟಗಿ, 15 ಗ್ರಾಂ ಇರಬೇಕು, ತಿಂಗಳಿಗೆ ಅರ್ಧ ಕಿಲೋದೊಳಗ ಮುಗೀತದ. ಕಿಲೋಕ್ಕ 250 ಅಂತ ಹಿಡುದ್ರೂ 125 ರೂಪಾಯಿ ಸೈತ ಆಗಂಗಿಲ್ಲ. ಉಳಿದದ್ದರಾಗ ಚಿಕನ್ ಮೊದಲು ಬರ್ದಿರೂ ಒಳ್ಳೆ ಸ್ಟಿಕ್ ಒಂದೇ ಒಂದು ಪ್ಯಾಕೆಟ್. ಕಾಳನ್ನ ಒಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿದಾಗ ತುಂಬಿ, ಮ್ಯಾಲ ಎರಡು ಸ್ಟಿಕ್ ಕತ್ತರಿಸಿ ಹಾಕಿ, ಫ್ರಿಜ್‌ನ್ಯಾಗ ಇಟ್ಟುಬಿಡ್ರಿ. ಒಂದು ರಾತ್ರಿದಾಗ ಕಾಳಿಗೆಲ್ಲಾ ಚಿಕನ್ ವಾಸನಿ ಹತ್ತತದ, ಕಾಳೂ ನಾಯಿಗೆ ರುಚಿ ಅನಸ್ತದ. ಕೂಡು ಅಂದಾಗ ಕಾಳು ಕೊಡ್ರಿ, ಗೇಟ್ ತೆರೆದಾಗ ಓಡಿಹೋಗದಂಗ ಕರೆದ ಕೂಡಲೇ ಬಂತಂದ್ರ ಆ ಖರೆ ಚಿಕನ್ ತುಂಡು ಕೊಡ್ರಿ, ರಸ್ತಾದಾಗ ಜೀವ ಉಳಸೂ ಮಾತು ಅದು, ಅದಕ್ಕ ದೊಡ್ಡ ಬಹುಮಾನ ಬೇಕು.

ಕಿರಾಣಿ ಅಂಗಡ್ಯಾಗೂ ಸಿಗ್ತಾವ್ರಿ. ನಮ್ಮ ಕಡೆ ಪ್ಯಾಕೆಟ್‌ನ್ಯಾಗ ಬರೂ ಜ್ವಾಳದ ಖಡಕ್ ರೊಟ್ಟಿ, ಉಪ್ಪು ಖಾರ ಇಲ್ಲದ್ದು, ಮುರುದು ಸಣ್ಣ ಚೂರು ಮಾಡಿ ಕೊಟ್ರ ಕರಕರ ಅಂತ ತಿಂತಾವ, ಅಂಗಡಿ ಬಿಸ್ಕಿಟ್‌ಗಿಂತ ಎಷ್ಟೋ ಮೇಲು. ಮಂಡಾಳಿಗೆ ಉಪ್ಪು ಹಾಕಿರ್ತಾರ, ಎರಡು ಕಾಳು ಸಾಕು. ಗಜ್ಜರಿ, ಸವತಿಕಾಯಿ ತುಂಡು ಸುಮ್ನ ಕೊಡಬಹುದು. ಕುದಿಸಿದ ತತ್ತಿ ಒಂದಕ್ಕ 70 ಕ್ಯಾಲರಿ, ಅಂದ್ರ ನಿಮ್ಮ ನಾಯಿಗೆ ಪೂರ್ತಿ ದಿನದ್ದು ಮುಗೀತು, ಅರ್ಧ ಕೊಡ್ರಿ. ಕೊಡಬಾರದ್ದು ಯಾವುದು ಅಂದ್ರ ಚಾಕ್ಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಇವು ಹಸಿ ಇರಲಿ ಬೇಯಿಸಿದ್ದಿರಲಿ. ದ್ರಾಕ್ಷಿ ಕಿಡ್ನಿ ಕೆಡಸ್ತದ, ಬೇಕರಿ ಬನ್ನಿನ್ಯಾಗ ಒಣದ್ರಾಕ್ಷಿ ಇರ್ತಾವ ನೋಡ್ಕೊಳ್ರಿ. ಮತ್ತ ಶುಗರ್ ಫ್ರೀ ಅಂತ ಬರ್ದಿದ್ದು ಏನೇ ಇರ್ಲಿ ದೂರ ಇಡ್ರಿ, ಅದರಾಗ ಝೈಲಿಟಾಲ್, ಅಂದ್ರ ಸಕ್ರಿ ಬದಲಿ ಹಾಕೂ ಸಿಹಿ, ಪ್ಯಾಕೆಟ್ ಮ್ಯಾಲ 967 ನಂಬರಿಂದು, ಇದ್ರ ನಾಯಿ ರಕ್ತದಾಗಿನ ಸಕ್ರಿ ಒಮ್ಮೆಲೆ ಇಳೀತದ, ಲಿವರ್‌ಗೂ ಪೆಟ್ಟು. ಅಂಥಾದ್ದು ತಿಂದ್ರ ನಾಳೆ ನೋಡೋಣ ಅನ್ನಬ್ಯಾಡ್ರಿ, ಆವಾಗಲೇ ದವಾಖಾನಿಗೆ ಹೋಗ್ರಿ, ಪ್ಯಾಕೆಟ್ ಜೋಡಿ ಒಯ್ರಿ.

ಪ್ರಶ್ನೆ: ಸರ್, ನಮ್ಮ ನಾಯಿಮರಿ ಆರು ತಿಂಗಳದ್ದು, ಚಪ್ಪಲಿ ಕಡಿತೈತಿ. ಅದಕ್ಕ ಬಿಳಿ ಗಂಟಿನ ಎಲುಬು ಸೋವಿ ಐತಿ ಅಂತ ತಂದೀವಿ. ಇನ್ನೊಬ್ರು ಹಿಮಾಲಯದ ಚೀಸ್ ಕಡ್ಡಿ ತಗೋರಿ ಅಂದ್ರು, ಅದು ಭಾಳ ತುಟ್ಟಿ. ಯಾವುದು ಒಳ್ಳೇದು?
– ಓದುಗರು, ಕೊಪ್ಪಳ

ಉತ್ತರ: ಆ ಬಿಳಿ ಗಂಟು ಎಲುಬಲ್ಲ, ದನದ ತೊಗಲು. ಒಣಗಿಸಿ ಸುತ್ತಿ ಗಂಟು ಹಾಕಿರ್ತಾರ. ನಾಯಿ ಕಡದಂಗೆಲ್ಲಾ ಅದು ನೆನೆದು ಮೆತ್ತಗಾಗಿ ಜಾರ್ತದ, ತುದಿ ಸಣ್ಣ ಆದ ಮ್ಯಾಲ ಗುಳುಂ ಅಂತ ನುಂಗ್ತದ, ಗಂಟಲದಾಗೋ ಕರಳದಾಗೋ ಸಿಕ್ಕೊಂಡ್ರ ಆಪರೇಶನ್ನೇ ಗತಿ. ಎಲ್ಲಾ ನಾಯಿಗೂ ಹಂಗಾಗಂಗಿಲ್ಲ, ಆದ್ರ ನಿಮ್ಮದು ಮರಿ, ಅವಸರದಾಗ ನುಂಗೂ ವಯಸ್ಸು, ನಾನಂತೂ ಕೊಡಬ್ಯಾಡ್ರಿ ಅಂತೀನಿ. ಬೇಯಿಸಿದ ಕೋಳಿ ಎಲುಬೂ ಬ್ಯಾಡ, ಚೂಪಾಗಿ ಒಡೀತಾವ.

ಚೀಸ್ ಕಡ್ಡಿ ಅಂದ್ರ ಹಿಮಾಲಯದ ಕಡೆ ಹಾಲಿಲೆ ಮಾಡಿ ಒಣಗಸೂ ಛುರ್ಪಿ, ಶುದ್ಧ ಇರ್ತದ, ಭಾಳ ದಿನ ಬರ್ತದ, ಆದ್ರ ಕಲ್ಲಿನಂಗ ಗಟ್ಟಿ. ಒಂದು ಪರೀಕ್ಷಾ ಹೇಳ್ತೀನಿ, ಹೆಬ್ಬೆರಳ ಉಗುರು ಒತ್ತಿ ನೋಡ್ರಿ, ಒಂದಿಷ್ಟಾದ್ರೂ ಗುರುತು ಬೀಳಬೇಕು. ಬೀಳಲಿಲ್ಲಂದ್ರ ನಾಯಿ ಹಲ್ಲು ಒಡೀತದ, ಅದ್ರಾಗೂ ಆರು ತಿಂಗಳಿಗೆ ಹೊಸಾ ಹಲ್ಲು ಬಂದಿರ್ತಾವ, ಜೀವಮಾನಕ್ಕ ಅವೇ. ತುಟ್ಟಿದು ಬ್ಯಾಡ, ಸೋವಿದೂ ಬ್ಯಾಡ, ಒಂದು ಗಟ್ಟಿ ರಬ್ಬರ್ ಆಟಿಗಿ ತರ್ರಿ, ನಡುವ ತೂತು ಇರೂದು. ಅದರಾಗ ಮೊಸರನ್ನ ತುಂಬಿ ಫ್ರೀಜರ್‌ದಾಗ ಇಡ್ರಿ. ಬ್ಯಾಸಿಗಿ ಮಧ್ಯಾಹ್ನ ಒಂದು ತಾಸು ನೆಕ್ಕೋತ ಕೂಡ್ತದ, ನಿಮ್ಮ ಚಪ್ಪಲಿ ಉಳೀತಾವ. ಒಂದು ಸಲ ತಂದ್ರ ವರ್ಷಗಟ್ಲೆ ಬರ್ತದ, ಲೆಕ್ಕ ಹಾಕಿದ್ರ ಎಲ್ಲಾದ್ರಕಿಂತ ಸೋವಿ ಅದೇ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಕೌಲ್ ಬಜಾರ್ ಕಡೆ ಬೀದಿ ನಾಯಿಗಳಿಗೆ ದಿನಾ ಬಿಸ್ಕಿಟ್ ಹಾಕ್ತೀವಿ, ಹತ್ತು ಹನ್ನೆರಡು ಇದಾವೆ. ದಿನಕ್ಕೆ 60 ರೂಪಾಯಿ ಹೋಗ್ತೈತೆ. ಅವಕ್ಕೆ ಡಾಗ್ ಬಿಸ್ಕಿಟ್ ತಂದರೆ ಒಳ್ಳೇದಾ?
– ಓದುಗರು, ಬಳ್ಳಾರಿ

ಉತ್ತರ: ನಿಮ್ಮಂಥವರು ಇದ್ದೀರಿ ಅಂತನೇ ಅವು ಬದುಕ್ಯಾವ್ರಿ, ಮನಸು ತುಂಬಿ ಹೇಳ್ತೀನಿ. ಆದ್ರ ಡಾಗ್ ಬಿಸ್ಕಿಟ್ ಬ್ಯಾಡ. ಟ್ರೀಟ್ ಅನ್ನೂದು ಹೊಟ್ಟಿ ತುಂಬಿದ ನಾಯಿಗೆ, ನಿಮ್ಮವು ಹಸಿದ ನಾಯಿ, ಅವಕ್ಕ ಊಟ ಬೇಕು. ಅದೇ 60 ರೂಪಾಯಿದಾಗ ನುಚ್ಚಕ್ಕಿ ಒಂದು ಕಿಲೋ, ಗಂಗಾವತಿ ಸಿಂಧನೂರು ಕಡಿದು ನಿಮ್ಮಲ್ಲಿ ಸೋವಿನೇ ಸಿಗ್ತದ, ಚಿಕನ್ ಅಂಗಡ್ಯಾಗ ಉಳಿದ ತೊಗಲು, ಕಾಲು, ಒಂದಿಷ್ಟು ಕಲೀಜಾ ಕೇಳಿ ಇಸ್ಕೊಂಡು ಉಪ್ಪು ಅರಿಷಿಣ ಉಳ್ಳಾಗಡ್ಡಿ ಏನೂ ಹಾಕದ ಬೇಯಿಸ್ರಿ, ಕುಕ್ಕರ್‌ನ್ಯಾಗ ಆದ ಮ್ಯಾಲ ಎಲುಬು ಆರಿಸಿ ತಗೀರಿ. ಅನ್ನದ ಜೋಡಿ ಕಲಿಸಿದ್ರ ಹನ್ನೆರಡಕ್ಕೂ ಒಂದೊಂದು ಪಾಲು ಆಗ್ತದ, ಬಿಸ್ಕಿಟ್‌ಗಿಂತ ಎಷ್ಟೋ ಹೊತ್ತು ಹೊಟ್ಟಿ ತಡಕೊಳ್ತದ. ನಾಲ್ಕು ಮಂದಿ ಇದ್ದೀರಿ, ಪಾಳಿ ಹಚ್ಚಿ ಮಾಡ್ರಿ. ದಿನಾ ಆಗಲಿಲ್ಲಂದ್ರ ವಾರಕ್ಕ ಮೂರು ದಿನ ಮಾಡ್ರಿ, ಉಳಿದ ದಿನ ಬಿಸ್ಕಿಟ್ ಹಾಕ್ರಿ, ಕ್ರೀಮ್ ಚಾಕ್ಲೇಟ್ ಇದ್ದದ್ದು ಮಾತ್ರ ಬ್ಯಾಡ.

ಎಲ್ಲಿ ಹಾಕ್ತೀರಿ ಅನ್ನೂದೂ ನೋಡ್ಕೊಳ್ರಿ. 2025ರ ಆಗಸ್ಟ್‌ನ್ಯಾಗ ಸುಪ್ರೀಂ ಕೋರ್ಟ್ ಬೀದಿ ನಾಯಿಗೆ ಊಟ ಹಾಕಾಕ ಬ್ಯಾರೆ ಜಾಗ ಗುರುತಿಸ್ರಿ ಅಂತ ಪಾಲಿಕೆಗಳಿಗೆ ಹೇಳ್ಯದ, ನಿಮ್ಮ ಮಹಾನಗರ ಪಾಲಿಕೆಯವರನ್ನ ಕೇಳಿ ಆ ಜಾಗದಾಗ ಹಾಕ್ರಿ, ಸಾಲಿ ಹುಡುಗ್ರು ಓಡಾಡೂ ಹೊತ್ತಿನ್ಯಾಗ ಬ್ಯಾಡ, ಓಣಿ ಮಂದಿ ಜೋಡಿ ಜಗಳ ಆದ್ರ ಕಡೀಕ ತ್ರಾಸು ಆಗೂದು ನಾಯಿಗೇ. ಮತ್ತ ಬ್ಯಾಸಿಗಿದಾಗ ಊಟಕಿಂತ ಮೊದಲು ನೀರು. ಸಿಮೆಂಟಿನ ಅಗಲ ತೊಟ್ಟಿ ನೆಳ್ಳಾಗ ಇಡ್ರಿ, ಪ್ಲಾಸ್ಟಿಕ್ ಬ್ಯಾಡ, ಉರುಳಸ್ತಾವ, ನೀರೂ ಕಾಯ್ತದ. ದಿನಾ ಮುಂಜಾನಿ ತಿಕ್ಕಿ ತೊಳದು ಹೊಸಾ ನೀರು ತುಂಬ್ರಿ, ನಿಂತ ನೀರಾಗ ಸೊಳ್ಳಿ ಆಗ್ತಾವ.